ಕರಡಿ ಪುಸ್ತಕದ ಎರಡನೇ ಭಾಗ

ಗ್ರಂಥಾಲಯದ ಮೇಡಂ ಅವರಿಗೆ ನಮಸ್ಕಾರ.

ಅಪ್ಪ ಅಮ್ಮ ಬೇರೆಯಾದ ಮಕ್ಕಳಿಗೆಂದು ನೀವು ಆರಿಸಿಕೊಟ್ಟ ಕರಡಿ ಪುಸ್ತಕವನ್ನು ಮಗಳ ಜೊತೆ ಕೂತು ಓದಿದೆ. ಅವಳು ಅಳಲಿಲ್ಲ. ಅಪ್ಪ ಕರಡಿ ಮನೆ ಬಿಡುವ ಪುಟದಲ್ಲಿ ನಾನೇ ಪುಸ್ತಕವನ್ನು ಅವಳ ಕೈಗೆ ಕೊಟ್ಟುಬಿಟ್ಟೆ. ಉಳಿದದ್ದನ್ನು ಅವಳೇ ಓದಿ ಹೇಳಿದಳು. ಆಮೇಲೆ, "ಅಪ್ಪ ಕರಡಿ ವಾಪಸ್ ಬರೋದು ಎರಡನೇ ಭಾಗದಲ್ಲಿ, ಅಲ್ವಾಮ್ಮ?" ಎಂದಳು. ನನ್ನ ಹಾಳು ಬಾಯಿ ಹೂಂ ಅಂದುಬಿಟ್ಟಿತು.

ಸಂಜೆ ಅದನ್ನು ಕೇಳಿಕೊಂಡು ಬರುತ್ತಾಳೆ. ದಮ್ಮಯ್ಯ, ಅಂಥ ಪುಸ್ತಕವೇ ಇಲ್ಲ ಎನ್ನಬೇಡಿ. ಬೇರೆ ಮಗುವೊಂದು ಮನೆಗೆ ಒಯ್ದಿದೆ, ಯಾವಾಗ ವಾಪಸ್ ಬರುತ್ತದೋ ಗೊತ್ತಿಲ್ಲ ಎಂದುಬಿಡಿ. ಅದು ಪೂರ್ತಿ ಸುಳ್ಳೂ ಅಲ್ಲ. ಅವಳಪ್ಪ ಈಗ ಇರುವುದೂ ಬೇರೊಂದು ಮಗುವಿನ ಮನೆಯಲ್ಲೇ.

ಓದಿದ ಮೇಲೆ ಇದನ್ನು ಹರಿದುಹಾಕಿ. ಅವಳಿಗೆ ಓದಲು ಬರುತ್ತದೆ.

ಇಂತು,
ನೀವು ಚಿನಕುರಳಿ ಎಂದು ಕರೆಯುವವಳ ಅಮ್ಮ