ತಟ್ಟಿಯ ಈಚೆ ಕಡೆ

ಜಯನಗರ, ಬೆಂಗಳೂರು
೮ ಸೆಪ್ಟೆಂಬರ್ ೧೯೬೩

ಚಿ. ಸೌ. ಜಯಶೀಲಾಳಿಗೆ,

ಅಮ್ಮನ ಆಶೀರ್ವಾದ. ಎರಡೂ ಕಡೆ ಕ್ಷೇಮವೆಂದು ಬರೆಯುವುದು ಪದ್ಧತಿ. ಹೊಸಪೇಟೆಯ ಕ್ಷೇಮ ನನಗೆ ಹಬ್ಬಕ್ಕೊಂದು ಕಾಗದದಲ್ಲಿ ತಲುಪುವುದರಿಂದ ನನ್ನ ಕಡೆಯದನ್ನಷ್ಟೇ ಬರೆಯುತ್ತೇನೆ. ಮಂಡಿ ನೋವಿದೆ. ನಾಲಿಗೆಗೆ ಏನೂ ಆಗಿಲ್ಲ.

ಗೌರಿ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರಿಸಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಮಗುವಿನ ಹಲ್ಲು, ಡ್ಯಾಮಿನ ನೀರು, ಅಳಿಯಂದಿರ ಬಡ್ತಿ ಎಲ್ಲವನ್ನೂ ಬರೆದು ಕೊನೆಯಲ್ಲಿ ಒಂದೇ ಪ್ರಶ್ನೆ ಹಾಕಿದ್ದೆ: "ಅಪ್ಪನ ಹೆಸರಿನಲ್ಲಿ ವಾಚನಾಲಯ ಮಾಡ್ತಾರಂತಲ್ಲ, ಕಲ್ಲಿನ ಮೇಲೆ ಏನು ಬರೆಸ್ತಾ ಇದೀರಿ?" ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗ ಇದೆ.

ವಾಚನಾಲಯದ ಸಂಗತಿ ನಿಜ. ನಮ್ಮ ಬ್ಲಾಕಿನವರೆಲ್ಲ ಸೇರಿ ಸಂಘ ಮಾಡಿಕೊಂಡಿದ್ದಾರೆ. ಕಾರ್ಯದರ್ಶಿ ಗುಂಡಣ್ಣನವರು, ಅಂಚೆ ಕಚೇರಿಯಲ್ಲಿದ್ದು ರಿಟೈರ್ ಆದವರು, ನಿಮ್ಮಪ್ಪನ ಹತ್ತಿರ ಓದಿದವರು. ಗಾಂಧಿ ಜಯಂತಿಯ ದಿನ ಬಾಗಿಲು ತೆಗೆಯುವುದಂತೆ, ದೀಪ ಹಚ್ಚುವವಳು ನಾನಂತೆ. ಬಾಗಿಲ ಪಕ್ಕದ ಗೋಡೆಗೆ ಕಲ್ಲು. ಅದರಲ್ಲಿ ಬರೆಯುವ ಮಾತನ್ನು ಗುಂಡಣ್ಣ ಎದುರಿಗೆ ನಿಂತು ಓದಿದರು: "ಸ್ತ್ರೀ ವಿದ್ಯಾಭ್ಯಾಸದ ಹರಿಕಾರರೂ, ಬಡ ವಿದ್ಯಾರ್ಥಿಗಳ ಬಂಧುವೂ, ಜಾತಿಭೇದವನ್ನೇ ಅರಿಯದವರೂ ಆದ ಹೆಡ್‌ಮಾಸ್ಟರ್ ಗಂಗಾಧರಯ್ಯನವರ ನೆನಪಿಗೆ." ಓದಿ ಕಣ್ಣೊರೆಸಿಕೊಂಡರು. ಕಾಫಿ ಕೊಟ್ಟು ಕಳಿಸಿದೆ.

ಇಷ್ಟರಲ್ಲಿ ನಿಮ್ಮಣ್ಣ ಶಾಮಣ್ಣನ ಮಗಳು ವಿಮಲಾಗೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಬಂತು. ವಿಷಯ ಏನು ಗೊತ್ತೇ, ಅಮೆರಿಕದಲ್ಲಿ ಐವತ್ತು ವರ್ಷದ ಹಿಂದೆ ಅಧ್ಯಕ್ಷನಾಗಿದ್ದ ವಿಲ್ಸನ್. ಇವಳು ಅವನ ಪರವಾಗಿ ಮಾತನಾಡಬೇಕು. ನಾನು ಅಕ್ಕಿ ಆರಿಸುತ್ತ ಕೂತಿದ್ದರೆ ಇವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಭ್ಯಾಸ ಮಾಡುತ್ತಾಳೆ.

ಆ ಹೆಸರು ನನಗೆ ಹೊಸದಲ್ಲ. ಮೊದಲನೆಯ ಮಹಾಯುದ್ಧ ಮುಗಿದಾಗ ನಿಮ್ಮಪ್ಪ ಪತ್ರಿಕೆ ಹಿಡಿದುಕೊಂಡು ಊರಿನವರಿಗೆಲ್ಲ ಹೇಳುತ್ತಿದ್ದರು, ಸಣ್ಣ ಸಣ್ಣ ದೇಶಗಳೂ ತಮ್ಮನ್ನು ತಾವೇ ಆಳಿಕೊಳ್ಳಬೇಕು ಅಂತ ಹೇಳುವ ದೊರೆಯೊಬ್ಬ ಹುಟ್ಟಿದ್ದಾನೆ ಅಂತ. ಅವನೂ ಮೇಷ್ಟರಾಗಿದ್ದವನಂತೆ. ಅದರಿಂದ ಇವರಿಗೆ ಇನ್ನೂ ಹೆಮ್ಮೆ.

ವಿಮಲಾ ಒಂದೊಂದಾಗಿ ಹೇಳಿದಳು. ರೈಲ್ವೆಯವರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಅಂತ ಕಾನೂನು ತಂದ. ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಅಂತ ಕಾನೂನು ತಂದ. ಯುದ್ಧವೇ ಬೇಡವೆಂದು ಎಲ್ಲಾ ದೇಶಗಳ ಒಂದು ಸಭೆ ಕಟ್ಟಲು ಓಡಾಡಿ ಓಡಾಡಿ ಕಾಯಿಲೆ ಬಿದ್ದ. ನಾನು "ಭಲೆ" ಎಂದೆ.

"ಇನ್ನೊಂದಿದೆ ಅಜ್ಜಿ. ಅದನ್ನ ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ."

"ಏನದು? ಇನ್ನೊಬ್ಬಳನ್ನ ಇಟ್ಕೊಂಡಿದ್ನಾ?"

"ಥೂ, ಅಲ್ಲ ಅಜ್ಜಿ!"

ಸಂಗತಿ ಇದು. ಅಲ್ಲಿಯ ಸರ್ಕಾರಿ ಕಚೇರಿಗಳಲ್ಲಿ ಕರಿಯರೂ ಬಿಳಿಯರೂ ಎಷ್ಟೋ ವರ್ಷದಿಂದ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರಂತೆ. ಇವನು ಬಂದ ಮೇಲೆ ಅವರನ್ನು ಬೇರೆ ಮಾಡಿದರು. ಊಟದ ಕೋಣೆ ಬೇರೆ, ಕಕ್ಕಸು ಬೇರೆ, ಕೆಲವು ಕಡೆ ಮೇಜುಗಳ ನಡುವೆ ಮರೆಗೆ ಮರದ ತಟ್ಟಿ. ಇವನಿಗೆ ಓಟು ಹಾಕಿದ ಕರಿಯರೇ ಕೆಲವರು ಕೇಳಲು ಹೋದರು. ಇದರಿಂದ ತಿಕ್ಕಾಟ ತಪ್ಪುತ್ತದೆ, ಇದು ಅವಮಾನವಲ್ಲ, ನಿಮ್ಮ ಒಳ್ಳೆಯದಕ್ಕೇ ಅಂದನಂತೆ. ಬಂದವರಲ್ಲಿ ಒಬ್ಬ ಎದುರು ಮಾತಾಡಿದ್ದಕ್ಕೆ ನಿನ್ನ ದನಿ ಸರಿಯಿಲ್ಲ ಎಂದು ಸಿಟ್ಟಾಗಿ ಮಾತು ಮುಗಿಸಿಬಿಟ್ಟನಂತೆ. ಹೋದ ತಿಂಗಳು ಪತ್ರಿಕೆಯಲ್ಲಿ ವಾಷಿಂಗ್ಟನ್ನಿನ ಜನಸಾಗರದ ಚಿತ್ರ ನೋಡಿರುತ್ತೀಯ. ಆ ಜನರ ಅಪ್ಪಂದಿರು, ತಾತಂದಿರು ಇವರು.

ನಾನು ಮೊರ ಕೆಳಗಿಟ್ಟೆ.

"ಆ ತಟ್ಟಿ ಯಾವ ಮರದ್ದಂತೆ?" ಎಂದೆ.

"ಅದೆಲ್ಲ ಪುಸ್ತಕದಲ್ಲಿ ಬರ್ದಿರಲ್ಲ ಅಜ್ಜಿ."

"ನಮ್ದು ಬೀಟೆ ಮರದ್ದು. ಬಳ್ಳಿ ಕೆತ್ತನೆ ಇತ್ತು."

ಅವಳಿಗೆ ಅರ್ಥವಾಗಲಿಲ್ಲ. ನಿನ್ನ ಮದುವೆಯ ಹೊತ್ತಿಗೆ ಅವಳು ಚಿಕ್ಕವಳು. ಕೂರಿಸಿಕೊಂಡು ಹೇಳಿದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ನೀನು ಆವತ್ತು ತಟ್ಟಿಯ ಆಚೆ ಇದ್ದೆ. ಈಚೆ ಕಡೆ ನಡೆದದ್ದು ನಿನಗೂ ಗೊತ್ತಿಲ್ಲ.

ಕೊಟ್ರಪ್ಪನವರನ್ನು ಹರಿಜನ ವಿದ್ಯಾರ್ಥಿಗಳ ಹಾಸ್ಟೆಲಿಗೆ ಸೇರಿಸಿದವರು ನಿಮ್ಮಪ್ಪ, ಎಂಜಿನಿಯರಿಂಗ್ ಓದಿಸಿದವರು ನಿಮ್ಮಪ್ಪ, ಕೊನೆಗೆ ನೀನು ಅವರನ್ನೇ ಮದುವೆಯಾಗುತ್ತೇನೆ ಎಂದಾಗ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಗೆ ರುಜು ಹಾಕಿದವರೂ ನಿಮ್ಮಪ್ಪ. ನೆಂಟರೆಲ್ಲ ಬಾಗಿಲು ಹಾಕಿಕೊಂಡಾಗಲೂ ಎದೆಯುಬ್ಬಿಸಿ ನಡೆದರು. ಅದೆಲ್ಲ ನಿಜ. ಹಾಸ್ಟೆಲಿನ ಹಬ್ಬದೂಟಕ್ಕೆ ಹೋದರೆ ಹುಡುಗರ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಳ್ಳುತ್ತಿದ್ದದ್ದೂ ನಿಜ. ಹೊಟ್ಟೆ ಸರಿಯಿಲ್ಲವೆಂದು ಬಾಳೆಹಣ್ಣು ತಿಂದು ಎದ್ದು ಬರುತ್ತಿದ್ದದ್ದೂ ನಿಜ. ಹಾಸ್ಟೆಲಿನಲ್ಲಿ ಊಟವಿದ್ದ ದಿನವೆಲ್ಲ ನಿಮ್ಮಪ್ಪನಿಗೆ ಏಕಾದಶಿ. ಮನೆಗೆ ಬಂದು ನನ್ನ ಕೈಯಲ್ಲಿ ಅನ್ನ ಸಾರು ಬಡಿಸಿಕೊಳ್ಳುತ್ತಿದ್ದರು.

ಮದುವೆಯಾದ ಮಾರನೆಯ ದಿನ ನಿಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಬೆಳಿಗ್ಗೆಯೇ ನಡುಮನೆಯಲ್ಲಿ ಆ ತಟ್ಟಿ ನಿಲ್ಲಿಸಿದರು. "ಇದ್ಯಾಕೆ?" ಎಂದೆ. "ಅಳಿಯಂದಿರಿಗೆ ಸಂಕೋಚ ಆಗ್ಬಾರ್ದು ಕಣೆ. ನಮ್ಮ ಮಡಿ, ಪರಿಷೇಚನೆ ಎಲ್ಲ ನೋಡ್ತಾ ಊಟ ಮಾಡೋಕೆ ಅವ್ರಿಗೂ ಕಷ್ಟ. ನೆಮ್ಮದಿಯಾಗಿ ಉಣ್ಣಲಿ" ಅಂದರು. ನೀನು ಬಂದವಳೇ ತಟ್ಟಿ ನೋಡಿದೆ, ಗಂಡನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತೆ. "ಈ ಕಡೆ ಬಾಮ್ಮ" ಎಂದು ಅವರು ಕರೆದದ್ದು ನಿನಗೆ ಕೇಳಿಸಿರುತ್ತದೆ. ನೀನು ಬರಲಿಲ್ಲ.

ಈಚೆ ಕಡೆ ಏನಾಯಿತೆಂದರೆ, ನಿಮ್ಮಪ್ಪ ಅನ್ನ ಕಲಸಿದರು, ಉಣ್ಣಲಿಲ್ಲ. ಪ್ರತಿಯೊಂದು ಬಡಿಸುವಾಗಲೂ ತಟ್ಟಿಯ ಕಡೆ ತಿರುಗಿ ಉಪಚಾರ ಮಾಡಿದರು: "ಕೊಟ್ರಪ್ಪ, ಹುಳಿ ಸರಿಯಾಗಿ ಬಡಿಸಿದ್ರೇನಪ್ಪ? ಸಂಕೋಚ ಬೇಡ. ಇದು ನಿನ್ನ ಮನೆ." ಆಚೆಯಿಂದ "ಆಯ್ತು ಸಾರ್" ಎಂದು ಬಂತು. ಮಾವ ಎನ್ನಲಿಲ್ಲ, ಗಮನಿಸಿದ್ದೀಯಾ? ಹಾಸ್ಟೆಲಿನಲ್ಲಿ ಕರೆಯುತ್ತಿದ್ದ ಹಾಗೆಯೇ "ಸಾರ್". ನಿಮ್ಮಪ್ಪ ಅದನ್ನು ಗಮನಿಸಿದರು. ಮುಖ ಕಪ್ಪಾಯಿತು. ಆದರೂ ಎದ್ದು ಆ ತಟ್ಟಿ ಸರಿಸಲಿಲ್ಲ. ಸಂಜೆ ರೈಲಿಗೆ ನೀವು ಹೊರಟಿರಿ. ಅವರು ತೀರಿಕೊಂಡಾಗ ಬಂದು ಅಂಗಳದಲ್ಲಿ ನಿಂತು ಹೋದದ್ದು ಬಿಟ್ಟರೆ ಮತ್ತೆ ಈ ಮನೆಗೆ ಕಾಲಿಡಲಿಲ್ಲ.

ವಿಮಲಾ ಕೇಳಿದಳು, "ತಾತ ಒಳ್ಳೆಯವರಾ ಕೆಟ್ಟವರಾ ಅಜ್ಜಿ?" ಅಂತ. ಬಿ.ಎ. ಓದುವ ಹುಡುಗಿ ಕೇಳುವ ಪ್ರಶ್ನೆಯೇ ಇದು? "ಮಾಡಿದ್ದೆಲ್ಲ ಮಾಡಿದಾರೆ. ನೀನು ಯಾಕೆ ಒಂದೇ ಡಬ್ಬಿಗೆ ತುಂಬ್ತೀಯ?" ಎಂದೆ. ಅವಳು ಚರ್ಚೆಯಲ್ಲಿ ತಟ್ಟಿಯ ವಿಷಯವನ್ನೂ ಹೇಳಿದಳಂತೆ. ಪರ ಮಾತನಾಡಬೇಕಾದವಳು ವಿರೋಧವನ್ನೂ ತಾನೇ ಹೇಳಿಬಿಟ್ಟಳೆಂದು ತೀರ್ಪುಗಾರರು ಅಂಕ ಕಳೆದರು. ಬಹುಮಾನ ಬಂದದ್ದು ಇನ್ಯಾರೋ ಹುಡುಗನಿಗೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು, ಈಗ ಸರಿಹೋಗಿದ್ದಾಳೆ.

ವಿಮಲಾಗೆ ಇದನ್ನೆಲ್ಲ ಹೇಳಿದ ಮಾರನೆಯ ದಿನವೇ ಗುಂಡಣ್ಣನವರನ್ನು ಕರೆಸಿದೆ.

"ಗುಂಡಣ್ಣ, ಜಾತಿಭೇದ ಅರಿಯದವರು ಅಂತ ಬರೆಸ್ಬೇಡಿ. ಚೆನ್ನಾಗಿ ಅರಿತಿದ್ರು."

ಅವರಿಗೆ ಗಾಬರಿ. "ಅಮ್ಮಾ, ಕಲ್ಲು ಆಗ್ಲೇ ಕುಟಿಗನ ಹತ್ರ ಹೋಗಿದೆ."

"ಹೋದದ್ದು ವಾಪಸ್ ಬರಲ್ವೇ? ಕಾಲಿಲ್ವೇ ನಿಮ್ಗೆ?"

"ಸತ್ತವ್ರ ಬಗ್ಗೆ ಹೀಗೆ..."

"ಅವ್ರು ಬದುಕಿದ್ದಿದ್ರೆ ನೀವು ಬರ್ದ ತಪ್ಪನ್ನ ಅವ್ರೇ ತಿದ್ದುತ್ತಿದ್ರು. ಈಗ ಆ ಕೆಲಸಾನೂ ನಂದಾಯ್ತು. ತಿದ್ದಿ, ಇಲ್ಲ ದೀಪ ಹಚ್ಚೋಕೆ ಬೇರೆ ಯಾರನ್ನಾದ್ರೂ ಹುಡುಕಿ."

ಶಾಮಣ್ಣ ಒಳಗಿನಿಂದ ಬಂದ. ಅವನಿಗೆ ಕೋಪ ಬಂದರೆ ಕನ್ನಡಕ ತೆಗೆದು ಒರೆಸುತ್ತಾನಲ್ಲ, ಹಾಗೆ ಒರೆಸುತ್ತ, "ಅಮ್ಮ, ಆ ಕಾಲದಲ್ಲಿ ಅಷ್ಟು ಮಾಡಿದ್ದೇ ಹೆಚ್ಚು. ಎಲ್ಲರ ಎದುರಿಗೆ ಅಪ್ಪನ ಮರ್ಯಾದೆ ಕಳೀತಿದೀಯ" ಎಂದ.

"ಕಳೀತಿಲ್ಲ ಕಣೋ. ಮಾಡಿದ್ದು ಬರೀರಿ, ಹಾಸ್ಟೆಲ್ ಬರೀರಿ, ಓದಿಸಿದ್ದು ಬರೀರಿ. ಮಾಡ್ದೇ ಇರೋದನ್ನ ಬರೆದ್ರೆ ನಿನ್ನ ತಂಗಿ ಅದನ್ನ ಓದ್ತಾಳೆ. ಓದಿ ವಾಪಸ್ ಹೋಗ್ತಾಳೆ. ಆಮೇಲೆ ನಾನು ಸತ್ರೂ ಬರಲ್ಲ."

ಅವನು ಕನ್ನಡಕ ಹಾಕಿಕೊಂಡು ಒಳಗೆ ಹೋದ. ಗುಂಡಣ್ಣನವರು ಕುಟಿಗನ ಹತ್ತಿರ ಹೋದರು. ಆ ಮಾತು ತೆಗೆಸಿದ್ದಾಗಿದೆ. ಕಲ್ಲನ್ನು ನಾನೇ ಹೋಗಿ ನೋಡಿಕೊಂಡು ಬಂದೆ. ನಿನ್ನ ಪ್ರಶ್ನೆಗೆ ಇದೇ ಉತ್ತರ.

ಗಾಂಧಿ ಜಯಂತಿಗೆ ಬನ್ನಿ. ಮಧ್ಯಾಹ್ನ ಊಟ ಮನೆಯಲ್ಲೇ. ನಡುಮನೆಯಲ್ಲಿ ಒಂದೇ ಪಂಕ್ತಿ, ಅಳಿಯಂದಿರ ಎಲೆ ಶಾಮಣ್ಣನ ಪಕ್ಕಕ್ಕೆ. ಶಾಮಣ್ಣನಿಗೆ ಹೇಳಿದ್ದೇನೆ, ಒಪ್ಪದಿದ್ದರೆ ಅವನು ಹೋಟೆಲಿನಲ್ಲಿ ಉಂಡು ಬರಲಿ ಎಂದೂ ಹೇಳಿದ್ದೇನೆ. ಆ ತಟ್ಟಿಯೀಗ ಹಿತ್ತಲಲ್ಲಿ ಸೌದೆಗೆ ಮರೆ. ಮಳೆಗೆ ಹಾಳಾಗುತ್ತದೆಂದು ಶಾಮಣ್ಣ ಗೊಣಗುತ್ತಾನೆ, ಹಾಳಾಗಲಿ.

ಕೊಟ್ರಪ್ಪನವರಿಗೆ ಬರಲು ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡ. ಆವತ್ತು ಆ ಎಲೆಯ ಮುಂದೆ ಕೂತವರು ಅವರು. ಬರುವುದು ಬಿಡುವುದು ಅವರ ಇಷ್ಟ. ಬರುವುದಾದರೆ ಮಗುವಿಗೆ ಉಣ್ಣೆಯ ಟೋಪಿ ತಾ, ಇಲ್ಲಿ ಬೆಳಿಗ್ಗೆ ಚಳಿ.

ಮೂರು ಜನರೂ ನೂರು ಕಾಲ ಸುಖವಾಗಿರಿ.

ನಿನ್ನ ಅಮ್ಮ,
ಅಂಜನಮ್ಮ

ಮರೆತ ಮಾತು: ಗುಂಡಣ್ಣ ಹೋಗುವಾಗ ಬಾಗಿಲಲ್ಲಿ ನಿಂತು, "ಸ್ತ್ರೀ ವಿದ್ಯಾಭ್ಯಾಸದ ಹರಿಕಾರರು ಅನ್ನೋದಾದ್ರೂ ಇರ್ಲೇ ಅಮ್ಮಾ?" ಎಂದು ಕೇಳಿದರು. ಇರಲಿ ಎಂದೆ. ಅದರಲ್ಲಿ ಸುಳ್ಳಿಲ್ಲ. ಬೇಗೂರಿನ ಶಾಲೆಗೆ ನಿಮ್ಮಪ್ಪ ಮನೆಮನೆ ಅಲೆದು ಕರೆತಂದ ಹುಡುಗಿಯರ ಹೆಸರುಗಳು ನನಗೆ ಈಗಲೂ ಬಾಯಿಗೆ ಬರುತ್ತವೆ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನೂ ಹಿಂದೆ ಬಂದು ಕೂರಲೇ ಎಂದು ಕೇಳಿದೆ. "ಹೆಡ್‌ಮಾಸ್ಟ್ರ ಹೆಂಡತಿಗೆ ಪಾಠವೇ? ಓದೋಕೆ ನಾನಿಲ್ವೇನೆ?" ಎಂದು ನಕ್ಕರು. ತಮಾಷೆಗೇ ಅಂದದ್ದು, ನಾನೂ ನಕ್ಕೆ. ಆಮೇಲೆ ಶಾಮಣ್ಣನನ್ನು ಸೊಂಟದ ಮೇಲಿಟ್ಟುಕೊಂಡು ಶಾಲೆಯ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ಒಂದು ದಿನ ಆ ಕಿಟಕಿ ಮುಚ್ಚಿಸಿದರು, ಹುಡುಗಿಯರ ಗಮನ ಚೆದುರುತ್ತದೆಂದು. ಇದನ್ನು ಯಾರಿಗೂ ಹೇಳಿರಲಿಲ್ಲ, ನೀನೂ ಹೇಳಬೇಡ. ಈ ಕಾಗದದಲ್ಲಿ ಒತ್ತಕ್ಷರ ತಪ್ಪಿದ ಕಡೆಯೆಲ್ಲ, ಕಿಟಕಿ ಮುಚ್ಚಿದ ಮೇಲಿನ ಪಾಠ ಎಂದು ತಿಳಿದುಕೊಂಡು ಓದಿಕೋ.