ಕೊರತೆಯಿಲ್ಲದ ಊರು

ಜೂನ್ 11, ಮಂಗಳವಾರ

ಓಪಿಡಿ ಅರವತ್ತೆರಡು. ನಾಯಿ ಕಡಿತ ಎರಡು, ಚೇಳು ಒಂದು. ಊಟಕ್ಕೆ ಕೂತಾಗ ಮೂರೂವರೆ. ಹಾಲಗುಂಡಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಕುರ್ಚಿ ಖಾಲಿಯಾಗಿ ಇವತ್ತಿಗೆ ಹದಿನಾಲ್ಕು ತಿಂಗಳು. ಆಯಾ ಮಲ್ಲಕ್ಕ ದಿನಾ ಅದನ್ನು ಒರೆಸುತ್ತಾಳೆ. ಯಾಕೆ ಅಂದರೆ "ರೂಢಿರಿ" ಅಂತಾಳೆ.

ಡಾಕ್ಟರ್ ಎಲ್ಲಿ ಅಂತ ಹೊಸಬರು ಕೇಳಿದರೆ ಊರವರೇ ಉತ್ತರ ಕೊಡುತ್ತಾರೆ — "ಯಾಕ, ಸಿಸ್ಟರ್ ಬಾಯಾರು ಅದಾರಲ್ಲ." ಈ ಮಾತಿಗೆ ಮೈ ಉರಿಯುತ್ತದೆ. ನಾನು ನರ್ಸ್. ಹತ್ತೊಂಬತ್ತು ವರ್ಷದಿಂದ ನರ್ಸ್. ತವರೂರು ಗುಡಗೇರಿಯಲ್ಲಿ ನಮ್ಮ ಅವ್ವನೂ ಈಗ ಓಣಿಯವರ ಮುಂದೆ "ನಮ್ಮ ಶೈಲಾ ಡಾಕ್ಟರು" ಅನ್ನಲು ಶುರು ಮಾಡಿದ್ದಾಳೆ.

ಸಂಜೆ ತಾಲೂಕು ಆಫೀಸಿನಿಂದ ವಾಟ್ಸ್ಯಾಪ್‌ಗೆ ಒಂದು ಪಿಡಿಎಫ್ ಬಂತು. 'ವೈದ್ಯರ ಕೊರತೆಯಿರುವ ಪ್ರದೇಶಗಳ ಘೋಷಣೆ — ನಮೂನೆ 4'. ಹನ್ನೊಂದು ಪುಟ. ಘೋಷಣೆಯಾದ ಊರಿಗೆ ಮೊದಲು ಡಾಕ್ಟರ್ ಕೊಡುತ್ತಾರಂತೆ. ಬಂದವರು ಮೂರು ವರ್ಷ ಬಿಟ್ಟು ಹೋಗುವ ಹಾಗಿಲ್ಲವಂತೆ. ನೂರಕ್ಕೆ ಅರವತ್ತು ಅಂಕ ಬೇಕು. ಅಂದರೆ ನಮ್ಮೂರಿಗೆ ಡಾಕ್ಟರ್ ಇಲ್ಲ ಅನ್ನುವುದರಲ್ಲಿ ನಾವು ಫಸ್ಟ್ ಕ್ಲಾಸ್ ಪಾಸಾಗಬೇಕು.

ಆದರೂ... ಮೂರು ವರ್ಷ. ಒಬ್ಬರು ಡಾಕ್ಟರ್.

ಜೂನ್ 13, ಗುರುವಾರ

ಕಲಂ ಆರು. 'ತಾಲೂಕು ಆಸ್ಪತ್ರೆಗೆ ಇರುವ ದೂರ.' ಫೋನಿನ ಮ್ಯಾಪ್ ಪ್ರಕಾರ ಹಾಲಗುಂಡಿಯಿಂದ ನವಲಗುಂದಕ್ಕೆ ಹತ್ತೊಂಬತ್ತು ಕಿಲೋಮೀಟರ್. ಅದು ಬೆಣ್ಣಿಹಳ್ಳ ದಾಟುವ ರಸ್ತೆ. ಹಳ್ಳ ಬಂದರೆ ಸೇತುವೆ ಮೇಲೆ ನೀರು. ಆಗ ಸುತ್ತು ಹಾಕಬೇಕು, ನಲವತ್ತಮೂರು, ಅದೂ ಎರೆಮಣ್ಣಿನಲ್ಲಿ ಗಾಲಿ ಹೂಳದಿದ್ದರೆ.

ತಾಲೂಕು ಆಫೀಸಿನ ಕ್ಲಾರ್ಕ್ ಈರೇಶನಿಗೆ ಫೋನ್ ಮಾಡಿದೆ. ಯಾವ ದೂರ ಬರೆಯಲಿ?

"ಮ್ಯಾಪ್‌ನ್ಯಾಗ ಏನ್ ಬರ್ತೈತಿ ಅದನ್ನ ಬರೀರಿ ಮೇಡಂ. ಹಳ್ಳಕ್ಕ ಕಲಂ ಇಲ್ಲ."

ಬರೆದೆ. ಹತ್ತೊಂಬತ್ತು. ಹತ್ತು ಅಂಕ ಅಲ್ಲೇ ಹೋಯಿತು.

ಜೂನ್ 24, ಸೋಮವಾರ

ಟ್ರ್ಯಾಕ್ಟರ್ ಹೊಡೆಯುವ ಭೀಮಶಿಯ ಹೆಂಡತಿ ರೇಷ್ಮಾ ಬಂದಿದ್ದಳು, ಏಳು ತಿಂಗಳು, ಚೊಚ್ಚಲು. ಬಿಪಿ ನೂರೈವತ್ತು – ನೂರು. ಕಾಲು ಬಾತಿವೆ. ನವಲಗುಂದಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಬರೆದೆ. ಅತ್ತೆ ಸಾವಿತ್ರೆವ್ವ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ಕಾಲ್ ಬಾವೂದು ಯಾರಿಗಿಲ್ಲ ಬಿಡ್ರಿ. ನಾನೂ ನಾಕ ಹಡದೇನಿ, ಒಬ್ಬ ಡಾಕ್ಟರ್‌ನ ಮಾರಿ ನೋಡಿಲ್ಲ."

"ಹೋಗಿ ಬರ್ರಿ ಸಾವಿತ್ರೆವ್ವ. ಇದು ನನ್ನ ಕೈಯಾಗಿನ ಕೆಲಸ ಅಲ್ಲ."

"ನಿಮ್ಮ ಕೈಗುಣ ಛಲೋ ಐತ್ರಿ ಬಾಯಾರ."

ಕೈಗುಣವಂತೆ. ನನ್ನ ಕೈಗೆ ಬಿಪಿ ಇಳಿಸುವ ಗುಣ ಇದ್ದಿದ್ದರೆ ಮೊದಲು ನನ್ನದೇ ಇಳಿಸಿಕೊಳ್ಳುತ್ತಿದ್ದೆ. ಗುಳಿಗೆ ಕೊಟ್ಟು ಕಳಿಸಿದೆ. ವಾರಕ್ಕೊಮ್ಮೆ ಬರಬೇಕು ಅಂತ ಭೀಮಶಿಗೆ ಬೇರೆ ಹೇಳಿದ್ದೇನೆ.

ಮುಂದಿನ ಬುಧವಾರ ಪರಿಶೀಲನೆಗೆ ಜಿಲ್ಲೆಯಿಂದ ಸಾಹೇಬರು ಬರುತ್ತಾರಂತೆ. ಫಾರ್ಮಿನಲ್ಲಿ ಬರೆದದ್ದು ನಿಜವೋ ಅಂತ ಕಣ್ಣಾರೆ ನೋಡಲು.

ಜುಲೈ 2, ಮಂಗಳವಾರ

ಬೆಳಿಗ್ಗೆ ಬಂದು ನೋಡುತ್ತೇನೆ, ಆಸ್ಪತ್ರೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಪಂಚಾಯತಿ ಅಧ್ಯಕ್ಷ ಶಂಕ್ರಪ್ಪನವರು ನಿಂತು ಹೊಡೆಸುತ್ತಿದ್ದಾರೆ. ನಾಲ್ಕು ವರ್ಷದಿಂದ ಸೋರುತ್ತಿದ್ದ ಹೆರಿಗೆ ಕೋಣೆಗೆ ತಾಡಪತ್ರಿ ಬಂದಿದೆ. ಕಂಪೌಂಡಿಗೆ ತಳಿರು. ಕಸದ ಗುಂಡಿ ಮುಚ್ಚಿ ಅದರ ಮೇಲೆ ತುಳಸಿ ಕುಂಡ.

"ಅಧ್ಯಕ್ಷರ, ಅವರು ಇಲ್ಲಿ ಏನಿಲ್ಲ ಅನ್ನೂದು ನೋಡಾಕ ಬರಾಕತ್ತಾರ್ರಿ."

"ಗೊತ್ತೈತ್ರಿ. ಹಂಗಂತ ಸಾಹೇಬ್ರ ಮುಂದ ಊರ ಮರ್ಯಾದಿ ಬಿಡಾಕ ಆಗ್ತೈತೇನ್ರಿ? ಖಾಲಿ ಕುರ್ಚಿ ತೋರಿಸಿದ್ರ ನಾಳೆ ಅಣ್ಣಿಗೇರಿಯಾಗ ಏನಂತಾರ?"

"ಖಾಲಿ ಕುರ್ಚಿನ ತೋರಿಸಬೇಕ್ರಿ."

"ನೀವ್ ಸುಮ್ನಿರ್ರಿ. ನಾ ಎಲ್ಲಾ ಬಂದೋಬಸ್ತ್ ಮಾಡೇನಿ."

ಈ ಮನುಷ್ಯನ ಬಂದೋಬಸ್ತ್ ಅಂದರೆ ನನಗೆ ಭಯ.

ಜುಲೈ 3, ಬುಧವಾರ

ಕುರ್ಚಿಯಲ್ಲಿ ಡಾಕ್ಟರ್ ಕೂತಿದ್ದರು.

ಶಂಕ್ರಪ್ಪನವರ ಅಳಿಯನ ತಮ್ಮ ಸುಭಾಸ. ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರ್. ಬೆಳಿಗ್ಗೆ ಕಾರು ಕಳಿಸಿ ಕರೆಸಿದ್ದಾರೆ. ಬಿಳಿ ಕೋಟು, ಕೊರಳಲ್ಲಿ ನಮ್ಮದೇ ಸ್ಟೆಥೋಸ್ಕೋಪ್. ಮೊಣಕಾಲು ನೋವು ಅಂತ ಬಂದ ಮುದುಕಿಗೆ "ಬಾಯಿ ತೆಗಿರಿ" ಅಂದರು ಪಾಪ, ಅಭ್ಯಾಸ ಬಲ. ಮುದುಕಿಯೂ ತೆಗೆದಳು.

ಸಾಹೇಬರು ಹನ್ನೊಂದಕ್ಕೆ ಬಂದರು. ಶಾಲು, ಹಾರ, ಬಾಳೆಹಣ್ಣು. ಜನ ಸಾಲಾಗಿ ನಿಂತಿದ್ದರು, ಕೇಳುವ ಮೊದಲೇ "ಎಲ್ಲಾ ಅಗದಿ ಛಲೋ ಐತ್ರಿ ಸಾಹೇಬ್ರ" ಅನ್ನಲು ತಯಾರಾಗಿ. ಸಾವಿತ್ರೆವ್ವನೂ ಹೊಸ ಇಳಕಲ್ ಸೀರೆ ಉಟ್ಟು ಸಾಲಿನಲ್ಲಿದ್ದಳು. "ಡಾಕ್ಟರ್ ಸಾಹೇಬ್ರು ಬಂದು ಹೋಗಿ ಮಾಡ್ತಾರ್ರಿ" ಅಂದರು ಶಂಕ್ರಪ್ಪ. ಸುಳ್ಳಲ್ಲ. ಬಂದಿದ್ದರು. ಮಧ್ಯಾಹ್ನ ಊಟ ಮಾಡಿ ಹೋದರು.

ಅದೇ ದಿನ, ಸಂಜೆ

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇಲ್ಲಿ ಯಾರು ಓದುತ್ತಾರೆ.

ಸಾಹೇಬರು ನನ್ನನ್ನೂ ಕೇಳಿದರು. ಎಷ್ಟು ಹೆರಿಗೆ ಸಿಸ್ಟರ್, ಕಳೆದ ವರ್ಷ? ರಿಜಿಸ್ಟರ್ ಬಿಡಿಸಿ ಮುಂದಿಟ್ಟೆ. ಅರವತ್ತೇಳು ಸರ್, ಒಂದೂ ಕೆಟ್ಟಿಲ್ಲ ಸರ್. ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು, ಮೂರನೇ ಕ್ಲಾಸಿನ ಹುಡುಗಿ ಮಗ್ಗಿ ಒಪ್ಪಿಸಿದ ಹಾಗೆ. ಅವರು "ವೆರಿ ಗುಡ್" ಅಂದರು. ನಾನು ನಕ್ಕೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ವೆರಿ ಗುಡ್ ಅಂದಿದ್ದು.

ಆ ಅರವತ್ತೇಳರಲ್ಲಿ ಎಷ್ಟು ಜನರನ್ನು ಕೊನೆ ಗಳಿಗೆಯಲ್ಲಿ ಗಾಡಿ ಹತ್ತಿಸಿದೆ — ಅದನ್ನು ಹೇಳಲಿಲ್ಲ. ಡಾಕ್ಟರ್ ಹಲ್ಲಿನವರು ಅಂತಲೂ ಹೇಳಲಿಲ್ಲ. ಶಂಕ್ರಪ್ಪನವರನ್ನು ಬೈಯಲು ಈಗ ನನಗೆ ಯಾವ ಬಾಯಿ ಇದೆ.

ಜುಲೈ 29, ಸೋಮವಾರ

ಪಟ್ಟಿ ಬಂತು. ಹಾಲಗುಂಡಿ — ನಲವತ್ತೊಂಬತ್ತು ಅಂಕ. ಷರಾ: 'ವೈದ್ಯರ ಸೇವೆ ಲಭ್ಯ. ಕೇಂದ್ರದ ಕಾರ್ಯನಿರ್ವಹಣೆ ತೃಪ್ತಿಕರ. ಕೊರತೆಯಿಲ್ಲ.'

ಕೊರತೆಯಿಲ್ಲ. ಇವತ್ತು ಓಪಿಡಿ ಎಪ್ಪತ್ತೊಂದು. ನಾನು, ಮಲ್ಲಕ್ಕ, ಒಂದು ಫ್ಯಾನು.

ಈರೇಶನಿಗೆ ಫೋನ್. ಆಗಸ್ಟ್ 31ರ ಒಳಗೆ ಮೇಲ್ಮನವಿ ಹಾಕಬಹುದಂತೆ. ಕುರ್ಚಿಯಲ್ಲಿ ಕೂತವರು ಹಲ್ಲಿನ ಡಾಕ್ಟರ್ ಅಂತ ಈಗಾದರೂ ಬರೆಯುತ್ತೇನೆ ಅಂದೆ. ಪರಿಶೀಲನಾ ವರದಿ ಬದಲಾಗುವುದಿಲ್ಲವಂತೆ, ಅದಕ್ಕೆ ಸಾಹೇಬರ ಸಹಿ ಬಿದ್ದಿದೆ. ಅಂಕಿಸಂಖ್ಯೆ ಇರುವ ಕಲಂ ಮಾತ್ರ ತಿದ್ದಬಹುದು.

"ನಿಮ್ಮ ಫೈಲ್ ಅಗದಿ ಕ್ಲೀನ್ ಐತ್ರಿ ಮೇಡಂ. ಅದ ಪ್ರಾಬ್ಲಂ. ಕಲಂ ಹದಿನೇಳರಾಗ ಸೊನ್ನಿ ಹಾಕೀರಿ. ಅದಕ್ಕ ಇಪ್ಪತ್ತು ಅಂಕ ಅದಾವ. ಅಲ್ಲಿ ಒಂದರ ಇದ್ದಿದ್ರ ಪಾಸ್ ಆಗ್ತಿತ್ತು."

"ಒಂದು ಏನ್ ಇದ್ದಿದ್ರ?"

ಅವನು ದನಿ ತಗ್ಗಿಸಿ, "ತಾಯಿ ಮರಣ ರಿ" ಅಂದ.

ಕೆಟ್ಟ ಹುಡುಗ ಅಲ್ಲ ಅವನು. ಫಾರ್ಮ್ ಅವನು ಮಾಡಿದ್ದಲ್ಲ. ಆದರೂ ಫೋನ್ ಇಟ್ಟ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡೆ.

ಆಗಸ್ಟ್ 8, ಗುರುವಾರ

ಶಂಕ್ರಪ್ಪನವರು ಬಂದಿದ್ದರು. ಪಟ್ಟಿಯ ವಿಷಯ ತಿಳಿದು ಮುಖ ಸಣ್ಣದಾಗಿದೆ. "ನಾ ಊರ ಸಲುವಾಗಿ ಮಾಡಿದ್ನಿರಿ ಬಾಯಾರ" ಅಂದರು. ಬೈಯಬೇಕು ಅಂತಿದ್ದವಳು ಚಹಾ ಕೊಟ್ಟೆ.

ರೇಷ್ಮಾ ಈ ವಾರ ಬರಲಿಲ್ಲ. ಮಲ್ಲಕ್ಕನನ್ನು ಮನೆಗೆ ಕಳಿಸಿದೆ. ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದಳಂತೆ. ಎಂಟೂವರೆ ತಿಂಗಳು. ನವಲಗುಂದಕ್ಕೂ ಹೋಗಿಲ್ಲ. "ಸಾಹೇಬ್ರನ ನಮ್ಮ ದವಾಖಾನಿ ಛಲೋ ಐತಿ ಅಂದು ಹೋಗ್ಯಾರ, ಮತ್ತ ಪರ ಊರಿಗೆ ಯಾಕ ಹೋಗೂಣು" — ಇದು ಸಾವಿತ್ರೆವ್ವನ ಉತ್ತರ.

ಸಾಹೇಬರು ವೆರಿ ಗುಡ್ ಅಂದಾಗ ನಕ್ಕಿದ್ದು ನಾನು.

ಆಗಸ್ಟ್ 21, ಬುಧವಾರ

ಬೆಳಿಗ್ಗೆ 9.40

ರೇಷ್ಮಾ ಬಂದಿದ್ದಾಳೆ. ನೋವು ಶುರುವಾಗಿದೆ. ತಲೆ ಸಿಡಿಯುತ್ತಿದೆ, ಕಣ್ಣು ಮಂಜು ಅಂತಾಳೆ. ಬಿಪಿ ನೂರೆಂಬತ್ತು – ನೂರಿಪ್ಪತ್ತು. ಎರಡು ದಿನದ ಮಳೆ. ಹಳ್ಳ ಬಂದಿದೆ.

10.20

ತಾಲೂಕಿನ ಡಾಕ್ಟರಮ್ಮನಿಗೆ ಫೋನ್ ಹತ್ತಿತು. ಅವರು ಹೇಳಿದಂತೆ ಫಿಟ್ಸ್‌ನ ಝಟಕಾ ಬರದಿರಲು ಇಂಜೆಕ್ಷನ್ ಕೊಟ್ಟೆ, ಸೊಂಟದ ಎರಡೂ ಕಡೆ. ಮುಂದಿನದು ಅಲ್ಲಿಯೇ ಆಗಬೇಕು, ತಕ್ಷಣ ಕಳಿಸಿ ಅಂದರು. 108 ಆಚೆ ದಂಡೆಗೆ ಬಂದು ನಿಂತಿದೆ. ಈಚೆ ಬರಲು ಆಗುವುದಿಲ್ಲ. ಸುತ್ತಿನ ರಸ್ತೆಯಲ್ಲಿ ಲಾರಿ ಹೂತಿದೆ.

ಬಿಪಿ ನೋಡುವ ಮಧ್ಯೆ ಬರೆಯುತ್ತಿದ್ದೇನೆ. ಭೀಮಶಿ ಟ್ರ್ಯಾಕ್ಟರ್ ತರಲು ಹೋಗಿದ್ದಾನೆ. ಸಾವಿತ್ರೆವ್ವ ಮೂಲೆಯಲ್ಲಿ ಕೂತು ಸೆರಗಿನ ಗಂಟು ಬಿಚ್ಚಿ ಆ ಹಳೆಯ ಚೀಟಿ ನನಗೇ ಕೊಡಲು ಬರುತ್ತಿದ್ದಾಳೆ.

ಆಗಸ್ಟ್ 24, ಶನಿವಾರ

ಇಬ್ಬರೂ ಬದುಕಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಸೇತುವೆ ಮೇಲೆ ಮೊಣಕಾಲುದ್ದ ನೀರು. ಟ್ರೇಲರಿನಲ್ಲಿ ಗಾದಿ, ಗಾದಿ ಮೇಲೆ ರೇಷ್ಮಾ, ಬಾಜು ನಾನು, ಸಲೈನ್ ಹಿಡಿದು ಮಲ್ಲಕ್ಕ. ಶಂಕ್ರಪ್ಪನವರು ಪಂಜೆ ಎತ್ತಿ ಕಟ್ಟಿ ಕೋಲು ಹಿಡಿದು ಮುಂದೆ ಮುಂದೆ ನೀರಲ್ಲಿ ನಡೆದರು, ಸೇತುವೆ ಅಂಚು ಎಲ್ಲಿದೆ ಅಂತ ತೋರಿಸುತ್ತ. ಅರವತ್ತೆಂಟು ವಯಸ್ಸು. ಬಿದ್ದಿದ್ದರೆ ಮುಗೀತಿತ್ತು. ಅವರ ಮೇಲೆ ನನಗಿದ್ದ ಸಿಟ್ಟು ಆ ನೀರಿನಲ್ಲಿ ಎಲ್ಲೋ ಹೋಯಿತು.

ನಡುವೆ ಟ್ರ್ಯಾಕ್ಟರ್ ನಿಂತಿತು. ಎರಡು ನಿಮಿಷ ಇರಬಹುದು. ರೇಷ್ಮಾಳ ಕಣ್ಣು ಮೇಲೆ ಹೋಗುತ್ತಿತ್ತು. ಆಗ ಬಂತು ತಲೆಗೆ. ಕಲಂ ಹದಿನೇಳು. ಈಕೆ ಹೋದರೆ ಇಪ್ಪತ್ತು ಅಂಕ. ಊರಿಗೆ ಡಾಕ್ಟರ್ ಬರುತ್ತಾರೆ.

ಈರೇಶ ಹೇಳಿದ್ದಲ್ಲ ಇದು, ಸಾಹೇಬರದ್ದೂ ಅಲ್ಲ. ನನ್ನ ತಲೆಯಲ್ಲೇ ಹುಟ್ಟಿತು, ಅವಳ ಕೈ ನನ್ನ ಕೈಯಲ್ಲಿರುವಾಗ. ಅಂಥ ಲೆಕ್ಕ ನನ್ನೊಳಗೆ ಕೂರುವಂತೆ ಮಾಡಿದ ಆ ಹನ್ನೊಂದು ಪುಟಕ್ಕೆ ಬೆಂಕಿ ಹಚ್ಚಬೇಕು ಅನ್ನಿಸಿತು. ಅವಳ ಕೆನ್ನೆ ತಟ್ಟಿ ಜೋರಾಗಿ ಬೈದೆ — "ಕಣ್ ತೆಗಿಯವಾ ರೇಷ್ಮಾ, ನನ್ನ ನೋಡಬೇ." ತೆಗೆದಳು.

ಟ್ರ್ಯಾಕ್ಟರ್ ಮತ್ತೆ ಚಾಲೂ ಆಗಿ ದಂಡೆ ಸೇರಿತು, 108 ಹತ್ತಿಸಿದೆವು, ನವಲಗುಂದದವರು ಮುಂದೆ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಸಿಸೇರಿಯನ್. ಹೆಣ್ಣುಮಗು, ಎರಡು ಕೆಜಿ ನೂರು ಗ್ರಾಂ. ಸಾವಿತ್ರೆವ್ವ ಫೋನಿನಲ್ಲಿ ಅತ್ತಳು, ನಿಮ್ಮ ಕೈಗುಣ ಬಾಯಾರ ಅಂದಳು. ಸಿಟ್ಟು ಬಂತು, ಅಳುವೂ ಬಂತು. ಇನ್ನೊಮ್ಮೆ ಹಾಗೆ ಅನ್ನಬ್ಯಾಡ್ರಿ ಅಂದೆ.

ಆಗಸ್ಟ್ 30, ಶುಕ್ರವಾರ

ಮೇಲ್ಮನವಿಗೆ ನಾಳೆ ಕೊನೆಯ ದಿನ. ಮಧ್ಯಾಹ್ನದಿಂದ ಫಾರ್ಮ್ ಮುಂದಿಟ್ಟುಕೊಂಡು ಕೂತಿದ್ದೇನೆ. ಕಲಂ ಹದಿನೇಳು — ಸೊನ್ನೆ. ಪೆನ್ನು ಒತ್ತಿ ಬರೆದೆ. ಈ ಸೊನ್ನೆಯಿಂದ ನಾವು ಮತ್ತೆ ಫೇಲಾಗುತ್ತೇವೆ, ಗೊತ್ತು. ಆಗಲಿ.

ಷರಾ ಬರೆಯಲು ಎರಡು ಬೆರಳಷ್ಟು ಜಾಗ ಇದೆ. ಅಲ್ಲಿ ಹಿಡಿಸುವುದಿಲ್ಲ. ಬೇರೆ ಹಾಳೆ ಲಗತ್ತಿಸುತ್ತೇನೆ. ಮೊದಲು ಇಲ್ಲಿ ಕಚ್ಚಾ ಬರೆದು ನೋಡುತ್ತೇನೆ —

ಮಾನ್ಯರೇ, ಜುಲೈ 3ರಂದು ತಾವು ಕುರ್ಚಿಯಲ್ಲಿ ನೋಡಿದವರು ಹಲ್ಲಿನ ವೈದ್ಯರು. ಅದನ್ನು ಅಂದೇ ಹೇಳದಿದ್ದದ್ದು ನನ್ನ ತಪ್ಪು. ಕಳೆದ ವರ್ಷದಿಂದ ಇವತ್ತಿನವರೆಗೆ ಈ ಕೇಂದ್ರದಲ್ಲಿ ಒಬ್ಬ ತಾಯಿಯೂ ಸತ್ತಿಲ್ಲ. ವೈದ್ಯರು ಇದ್ದರು ಅಂತಲ್ಲ. ಒಂದು ಟ್ರ್ಯಾಕ್ಟರ್ ನಡು ಹಳ್ಳದಲ್ಲಿ ನಿಂತು ಮತ್ತೆ ಚಾಲೂ ಆಯಿತು, ಅದಕ್ಕೆ. ಅದು ಮುಂದಿನ ಸಲವೂ ಚಾಲೂ ಆಗುತ್ತದೆ ಅಂತ ನಾನು ಬರೆದುಕೊಡಲಾರೆ. ತಮಗೆ ಬೇಕಾದ ಆ ಒಂದು ಸಂಖ್ಯೆಗಾಗಿ ಕಾಯುವುದಾದರೆ, ಈಗ ನಮ್ಮ ರಿಜಿಸ್ಟರಿನಲ್ಲಿ ಹತ್ತೊಂಬತ್ತು ಗರ್ಭಿಣಿಯರ ಹೆಸರಿದೆ. ಅವರಲ್ಲಿ ಯಾರು ಅಂತ ತಾವೇ

ಮಲ್ಲಕ್ಕ ಕೂಗುತ್ತಿದ್ದಾಳೆ. ಗೇಟಿನಲ್ಲಿ ಬೈಕ್. ಇಬ್ಬರು ನಡುವೆ ಹೆಂಗಸನ್ನು ಕೂರಿಸಿಕೊಂಡು ಬಂದಿದ್ದಾರೆ, ಇಳಿಯಲು ಆಗುತ್ತಿಲ್ಲ ಅವಳಿಗೆ. ಎಷ್ಟು ತಿಂಗಳು ಅಂತ ಕಿಟಕಿಯಿಂದಲೇ ಕೇಳಿದೆ, ಬೈಕಿನವರು "ಡಾಕ್ಟರ್ ಅದಾರೇನ್ರಿ" ಅಂತ