ಉಪವಾಸದ ಗುರುವಾರ

ಸ್ಕಾರವಿಗ್
ಜುಲೈ 6, ಸೋಮವಾರ

ನನ್ನ ತಮ್ಮ ಟಾರ್ಕಿಲ್‌ಗೆ,

ಕರ್ತನ ಕೃಪೆಯಿಂದ ಅಮ್ಮನೂ ನಾನೂ ಇದ್ದೇವೆ. ನಿನ್ನ ಕಾಗದ ಶನಿವಾರ ಸಂಜೆ ಸಿಕ್ಕಿತು. ಭಾನುವಾರ ಲೇಖನಿ ಹಿಡಿಯುವ ಮನೆ ನಮ್ಮದಲ್ಲವಲ್ಲ, ಅದಕ್ಕೇ ಇವತ್ತು ಹಸು ಕರೆದು ಬಂದವಳೇ ಬರೆಯಲು ಕೂತಿದ್ದೇನೆ.

ನಿನ್ನ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಲಿಲ್ಲ. ಹದಿನೈದು ವರ್ಷ ಯಾರಿಗಾಗಿ ದುಡಿದೆನೋ ಆ ಊರೇ ನನ್ನನ್ನು ಸೋಲಿಸಿತು, ಇನ್ನು ಆ ದ್ವೀಪದ ದಡಕ್ಕೆ ಕಾಲಿಡುವುದಿಲ್ಲ ಅಂತ ಬರೆದಿದ್ದೀಯ. ಅದನ್ನು ಹೇಗೆ ಓದಲಿ? ಟಾರ್ಕಿಲ್ ಚೆನ್ನಾಗಿದ್ದಾನಂತೆ, ಲಂಡನ್ನಿನ ಮನೆ ಖಾಲಿ ಮಾಡುತ್ತಿದ್ದಾನಂತೆ ಅಂದೆ, ಅಷ್ಟೇ. ಬಲಗೈ ಬಿದ್ದುಹೋದ ಮೇಲೆ ಅಮ್ಮನ ಮಾತೂ ತೊದಲು. ಆದರೂ ಯಾವ ಹಡಗಿಗೆ ಬರ್ತಾನೆ ಅಂತ ದಿನಾ ಕೇಳುತ್ತಾಳೆ. ಓಟ್ಸ್ ಕೊಯ್ಲಿನ ತನಕ ಇದ್ದರೆ ಹೆಚ್ಚು ಅಂತ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು.

ನಲವತ್ತೊಂದು ಮತದ ಅಂತರದಲ್ಲಿ ನೀನು ಸೋತೆ. ನಮ್ಮೂರಿನಲ್ಲಿ ನೂರ ಮೂವತ್ತು ಜನಕ್ಕೆ ಮತವಿತ್ತು, ಹಾಕಲು ಹೋದವರು ಹತ್ತೊಂಬತ್ತು. ಆ ಲೆಕ್ಕ ನೋಡಿದ ಯಾರಿಗಾದರೂ ನಿನ್ನ ಹಾಗೇ ಅನಿಸೀತು. ಆದರೆ ಊರು ನಿನ್ನನ್ನು ಬಿಟ್ಟಿರಲಿಲ್ಲ ಕಣೋ.

ನೀನು ಮೊದಲ ಸಲ ನಿಂತು ಸೋತಾಗ ಇಪ್ಪತ್ತೆಂಟರ ಹುಡುಗ, ಶಾಲೆಯ ಮೇಷ್ಟರು, ಅಪ್ಪನ ಕೋಟು ಹಾಕಿಕೊಂಡು ಮನೆಮನೆ ಸುತ್ತಿದ್ದೆ. ಗೆದ್ದ ವರ್ಷ ಪಾರ್ಲಿಮೆಂಟಿನಲ್ಲಿ ನೀನು ಮಾಡಿದ ಮೊದಲ ಭಾಷಣ ಪೇಪರಿನಲ್ಲಿ ಬಂದಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು, ನಾನೇ ನಮ್ಮ ಮಾತಿಗೆ ತಿರುಗಿಸಿ ಓದಿದೆ. ಎಲ್ಲ ಕೇಳಿಸಿಕೊಂಡು, ದೇವರ ಹೆಸರು ಒಂದು ಸಲವೂ ಬರಲಿಲ್ಲವಲ್ಲ ಅಂದಳು. ಮರುದಿನ ಬಾವಿ ಹತ್ತಿರ ಆ ಭಾಷಣವನ್ನೇ ಎಲ್ಲರಿಗೂ ಹೊಗಳಿಕೊಂಡು ಹೇಳುತ್ತಿದ್ದಳು. ಹಡಗುಕಟ್ಟೆ ನಿನ್ನಿಂದ ಬಂತು, ನರ್ಸಮ್ಮ ಬಂದಳು, ರಸ್ತೆಗೆ ಟಾರು ಬಂತು. ನಮ್ಮ ಚರ್ಚಿನ ಸಭೆಯ ಹಿರಿಯ ಕ್ಯಾಲಮ್ ಇವತ್ತಿಗೂ ಛೇಡಿಸುತ್ತಾನೆ: ಎಫೀ, ನಿನ್ನ ತಮ್ಮ ಅಲ್ಲಿ ಬಾಯಿ ಬಿಟ್ಟರೆ ಇಲ್ಲಿ ಟಾರು ಬೀಳುತ್ತೆ, ನಮ್ಮ ಮನೆ ಬಾಗಿಲ ತನಕ ಒಂದು ಆಕಳಿಕೆಯಾದರೂ ಬಿಡಲಿ ಅನ್ನು, ಅಂತ.

ಇಂಥ ಜನ ಮನೆಯಲ್ಲಿ ಕೂತಿದ್ದು ಯಾಕೆ ಅಂತ ನಿನಗೂ ಗೊತ್ತು. ಜೂನ್ ಮೂರನೆಯ ಭಾನುವಾರ ನಮ್ಮ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸದ ಪ್ರಭುಭೋಜನ, ಅದರ ಹಿಂದಿನ ಗುರುವಾರ ಉಪವಾಸ. ನಮ್ಮ ಮುತ್ತಜ್ಜನ ಕಾಲದಿಂದಲೂ ಆ ಗುರುವಾರ ಭಾನುವಾರದ ಸಬ್ಬತ್ತಿನ ಹಾಗೇ, ಯಾವ ಕೆಲಸವೂ ಇಲ್ಲ. ಮನೆಗೆ ಬೇಕಾದ ಕೊಡ ನೀರನ್ನೂ ಬುಧವಾರವೇ ತಂದಿಡುತ್ತೇವೆ. ಸರಕಾರ ಮತದಾನವನ್ನು ಅದೇ ಗುರುವಾರ ಇಟ್ಟಿತು. ಬಾಗಿಲು ಹಾಕಿ ಕೀರ್ತನೆ ಹಾಡುವ ದಿನ ಯಾರು ಹೊರಗೆ ಹೋಗಿ ಚೀಟಿ ಹಾಕುತ್ತಾರೆ?

ನೀನು ಇದನ್ನು ಮೊದಲೇ ಕಂಡಿದ್ದೆ. ಹತ್ತು ದಿನ ಮುಂಚೆ ನನಗೆ ಕಾಗದ ಬರೆದೆ. ಮತ ಹಾಕುವುದು ಪಾಪವಲ್ಲ ಅಂತ ಪಾದ್ರಿಗಳು ಪೀಠದಿಂದ ಒಂದು ಮಾತು ಹೇಳಿದರೆ ಸಾಕು, ಚುನಾವಣೆಗೆ ನಿಂತವನು ನಾನೇ ಕೇಳಿದರೆ ಚೆನ್ನಾಗಿರದು, ಅಕ್ಕಾ ನೀನು ಕೇಳು ಅಂದೆ. ಈಗಿನ ಕಾಗದದಲ್ಲಿ, ಪಾದ್ರಿಯೂ ಕೈಬಿಟ್ಟರು ಅಂತ ಬರೆದಿದ್ದೀಯ.

ಮಕ್ರೇ ಪಾದ್ರಿಗಳು ಕೈಬಿಡಲಿಲ್ಲ. ನಾನು ಕೇಳಲೇ ಇಲ್ಲ.

ಪ್ರಭುಭೋಜನದ ಪವಿತ್ರ ವಾರದಲ್ಲಿ ಲೋಕದ ವ್ಯವಹಾರ ಎತ್ತಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿನ್ನ ಕಾಗದವನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು ಎರಡು ಸಲ ಅವರ ಗೇಟಿನ ತನಕ ಹೋಗಿ ವಾಪಸು ಬಂದೆ. ಫಲಿತಾಂಶ ಬಂದ ಮೇಲೆ ಅವರೇ ಮನೆಗೆ ಬಂದು ಅಮ್ಮನ ಮಂಚದ ಹತ್ತಿರ ಕೂತು ಹೇಳಿದರು: ನಾನಾಗಿ ಹೇಳಿದ್ದರೆ ಪಕ್ಷ ವಹಿಸಿದ ಹಾಗಾಗುತ್ತಿತ್ತು, ಎಫೀ, ಸಭೆಯವರು ಒಬ್ಬರು ಬಂದು ಕೇಳಿದ್ದರೆ ಖಂಡಿತ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ನಾನು ಟೀ ಸೋಸುತ್ತಿದ್ದೆ.

ಪವಿತ್ರ ವಾರ ಅನ್ನುವುದು ನೆಪ. ನಿಜ ಹೇಳುತ್ತೇನೆ. ನೀನು ಸೋಲಲಿ ಅಂತ ಇತ್ತು ನನಗೆ. ಎರಡು ವರ್ಷದಿಂದ ಅಮ್ಮನನ್ನು ದಿನಕ್ಕೆ ಆರು ಸಲ ನಾನೊಬ್ಬಳೇ ಮಗ್ಗುಲು ಬದಲಿಸುತ್ತಿದ್ದೇನೆ. ಮುಂದಿನ ಅಧಿವೇಶನ ಮುಗಿಯಲಿ ಅಂತ ನೀನು ಬರೆಯುತ್ತಲೇ ಇದ್ದೆ. ಸೋತರೆ ಮನೆಗೆ ಬರುತ್ತಾನೆ ಅಂದುಕೊಂಡೆ. ಸೋತೆ, ಆದರೆ ಬರಲಿಲ್ಲ. ಬರದಿರುವುದಕ್ಕೆ ಊರಿನ ಮೇಲೆ ನಿನಗಿರುವ ಸಿಟ್ಟು ಕಾರಣ, ಆ ಸಿಟ್ಟಿಗೆ ನಾನು ಕಾರಣ.

ಸಿಟ್ಟನ್ನು ನನ್ನ ಮೇಲೆ ಇಟ್ಟುಕೊ, ಟಾರ್ಕಿಲ್. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಮ್ಮನ ಕೋಣೆಗೆ ಬಾ. ಯಾವ ಬುಧವಾರದ ಹಡಗಿಗೆ ಬಂದರೂ ನಾನು ಹಸು ಹೊಡೆದುಕೊಂಡು ಗುಡ್ಡದ ಮೇಲಿರುತ್ತೇನೆ, ಬಾಗಿಲು ತೆರೆದಿರುತ್ತದೆ. ಪಾದ್ರಿಗಳಿಗೆ ಇವತ್ತೇ ಹೋಗಿ ಎಲ್ಲ ಹೇಳುತ್ತೇನೆ. ಈ ಕಾಗದ ಅಂಚೆಗೆ ಹಾಕಿ ಅಲ್ಲಿಗೇ ಹೊರಟಿದ್ದೇನೆ.

ಕ್ಷಮಿಸು ಅಂತ ಕೇಳುವ ಧೈರ್ಯ ಇನ್ನೂ ಬಂದಿಲ್ಲದ
ನಿನ್ನ ಅಕ್ಕ
ಎಫೀ

ತಾ.ಕ.: ಪ್ರಭುಭೋಜನದ ಆ ಭಾನುವಾರ ನಾನು ಕರ್ತನ ಮೇಜಿಗೆ ಹೋಗದೆ ಹಿಂದಿನ ಬೆಂಚಿನಲ್ಲೇ ಕೂತೆ. ಯಾಕಮ್ಮಾ ಅಂತ ಕ್ಯಾಲಮ್ ಕೇಳಿದ್ದಕ್ಕೆ ಮಂಡಿ ನೋವು ಅಂದೆ. ಉಪವಾಸದ ಗುರುವಾರ ಸಂಜೆ ಆರಾಧನೆ ಮುಗಿದ ಮೇಲೆ ಸಮುದ್ರದ ದಂಡೆಯ ದಾರಿ ಹಿಡಿದು ಮತಗಟ್ಟೆಗೆ ಹೋಗಿದ್ದೆ. ಆ ಹತ್ತೊಂಬತ್ತರಲ್ಲಿ ಒಂದು ನನ್ನದು. ನಿನ್ನ ಹೆಸರಿನ ಮುಂದೆಯೇ ಗುರುತು ಹಾಕಿದೆ. ಹಾಕುವಾಗ ನೀನು ಗೆಲ್ಲಲಿ ಅಂತಲೇ ಇತ್ತು ಮನಸ್ಸಿನಲ್ಲಿ.